ಮೇನ್ ಸ್ವಿಚ್ಚಿನ ಪಕ್ಕದ ಕುರ್ಚಿ

ಬಲ್ಬು ಒಮ್ಮೆ ಮಂಕಾಗಿ ಮತ್ತೆ ಭಗ್ಗನೆ ಉರಿಯಿತು. ನಾನು "ಆಂಟೀ, ಬೇಡ!" ಎಂದು ಕೂಗುವಷ್ಟರಲ್ಲಿ ಅವರು ಕುರ್ಚಿಯಿಂದ ಅರ್ಧ ಎದ್ದು, ಹಿಂದಿನ ಗೋಡೆಯ ಮೇನ್ ಸ್ವಿಚ್ಚಿನ ಹಿಡಿಯನ್ನು ಕೆಳಕ್ಕೆ ಎಳೆದಾಗಿತ್ತು. ಫ್ಯಾನು ನಿಧಾನವಾಯಿತು. ಫ್ರಿಜ್ಜು ನಡುಗಿ ಸುಮ್ಮನಾಯಿತು. ಮೇಜಿನ ಮೇಲಿದ್ದ ನಮ್ಮ ಕಂಪ್ಯೂಟರಿನ ಹಸಿರು ಅಕ್ಷರಗಳು ಒಂದು ಚುಕ್ಕೆಯಾಗಿ ಕುಗ್ಗಿ ಮಾಯವಾದವು. ಸಂಜೆ ಕ್ಲಿನಿಕ್ ತೆರೆದಾಗಿನಿಂದ ಅವರು ಒಂದೊಂದೇ ಕೀಲಿ ಹುಡುಕಿ ಒತ್ತಿ ಬರೆದಿದ್ದ ಮಕ್ಕಳ ವಿವರಗಳೂ ಅವುಗಳ ಜೊತೆಗೇ ಹೋದವು.

"ಬೇಡ ಅಂದ್ನಲ್ಲ ಆಂಟಿ!"

"ಗೊತ್ತು ಕಣಮ್ಮ. ನಂಗೆ ಗೊತ್ತು. ಈ ಕೈಗೆ ಗೊತ್ತಾಗ್ಬೇಕಲ್ಲ!" ಎಂದು ತಮ್ಮ ಬಲಗೈಗೆ ತಾವೇ ಒಂದು ಏಟು ಕೊಟ್ಟುಕೊಂಡರು.

ನನಗೆ ಕೋಪ ಮೂಗಿನ ತುದಿಯಲ್ಲೇ. ಮನೆಯಲ್ಲಿ, ಆಫೀಸಿನಲ್ಲಿ, ಬಸ್ ಕಂಡಕ್ಟರ್ ಹತ್ತಿರ ಎಲ್ಲೆಂದರಲ್ಲಿ ಹಾರಾಡುವವಳು. ಆದರೆ ಈ ಹೆಂಗಸಿನ ಮುಂದೆ ಬಾಯಿಯೇ ಬರುತ್ತಿರಲಿಲ್ಲ. ಕ್ಲಿನಿಕ್ಕಿಗೆ ಬರುವ ಮಕ್ಕಳೆಲ್ಲ ಅವರನ್ನು ಚೀಟಿ ಆಂಟಿ ಎನ್ನುತ್ತಿದ್ದರು. ಡಾಕ್ಟರನ್ನು ನೋಡಲು ಸರದಿಯ ಚೀಟಿ ಕೊಡುವವರು ಅವರೇ. ಸೂಜಿ ಚುಚ್ಚಿಸಿಕೊಂಡು ಅಳುತ್ತ ಬರುವ ಮಗು ಅಮ್ಮನ ಹೆಗಲಿನಿಂದ ಅವರ ಕಡೆ ಕೈ ಚಾಚುತ್ತಿತ್ತು. ಅಂಥವರನ್ನು ಬೈಯುವುದು ಹೇಗೆ ಹೇಳಿ? ನಾನು ಹಲ್ಲು ಕಚ್ಚಿಕೊಂಡು ಫ್ಲಾಪಿ ಹೊರಗೆ ತೆಗೆದೆ.

ಇದು ಎಂಬತ್ತರ ದಶಕದ ನಡುವಿನ ಮಾತು. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ, ಲೇತ್ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಕಂಪನಿ. ಸಣ್ಣ ಕಂಪ್ಯೂಟರುಗಳನ್ನು ಮಾಡಿ ಮಾರುತ್ತಿದ್ದೆವು. ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಕೂಡ ನಮ್ಮದೇ. ಅದರಲ್ಲಿ ಫ್ಲಾಪಿಯ ಮೇಲೆ ಫೈಲುಗಳನ್ನು ಇಡುವ, ಹುಡುಕುವ, ತೆಗೆಯುವ ಭಾಗ ಬರೆದವಳು ನಾನು. ಅಲ್ಲಿಯವರೆಗೆ ನಮ್ಮ ಗಿರಾಕಿಗಳೆಲ್ಲ ಇಂಜಿನಿಯರುಗಳು. ಯಂತ್ರ ಮುನಿಸಿಕೊಂಡರೆ ಅವರಿಗೆ ಅದನ್ನು ರಮಿಸುವುದೂ ಖುಷಿಯ ಕೆಲಸವೇ. ವಿಜಯನಗರದ ಈ ಮಕ್ಕಳ ಡಾಕ್ಟರ್ ನಮ್ಮ ಮೊದಲ ಸಾಮಾನ್ಯ ಗಿರಾಕಿ.

ಡಾಕ್ಟರಿಗೆ ಬೇಕಾಗಿದ್ದದ್ದು ಒಂದೇ ಕೆಲಸ. ಯಾವ ಮಗುವಿಗೆ ಯಾವ ಲಸಿಕೆ ಹಾಕಿದೆ, ಮುಂದಿನದು ಯಾವಾಗ ಎಂದು ಯಂತ್ರ ನೆನಪಿಟ್ಟುಕೊಂಡು, ವಾರಕ್ಕೊಮ್ಮೆ ತಾಯಂದಿರಿಗೆ ಕಾರ್ಡು ಅಚ್ಚು ಹಾಕಿಕೊಡಬೇಕು. ಎಷ್ಟೋ ಜನ ಮೊದಲ ಡೋಸಿಗೆ ಬಂದು ಎರಡನೆಯದಕ್ಕೆ ಮರೆತುಬಿಡುತ್ತಾರೆ ಎಂದು ಅವರಿಗೆ ಸಂಕಟ. ಪ್ರೋಗ್ರಾಂ ಸಲೀಸಾಗಿ ಬರೆದೆ. ತೊಂದರೆ ಕೊಟ್ಟದ್ದು ಅದರ ಕೆಳಗಿದ್ದ ಸಿಸ್ಟಂ.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫ್ಲಾಪಿ ಡ್ರೈವ್ ಬಹಳ ನಿಧಾನ. ಯಾವ ಫೈಲು ಎಲ್ಲಿದೆ ಎನ್ನುವ ಸೂಚಿ ಫ್ಲಾಪಿಯ ಮೇಲೇ ಇರುತ್ತದೆ. ಪ್ರತಿಯೊಂದು ಸಲವೂ ಅದನ್ನು ತಿದ್ದುತ್ತ ಕೂತರೆ ಯಂತ್ರ ಆಮೆಯಾಗುತ್ತದೆ. ಆದ್ದರಿಂದ ನಾನು ಸೂಚಿಯನ್ನು ಯಂತ್ರದ ಮೆಮೊರಿಗೆ ತಂದಿಟ್ಟುಕೊಂಡು, ಅಲ್ಲೇ ತಿದ್ದುತ್ತಾ ಹೋಗಿ, ಕೆಲಸ ಮುಗಿದ ಮೇಲೆ ಒಂದೇ ಸಲಕ್ಕೆ ಫ್ಲಾಪಿಗೆ ಬರೆಯುವ ಹಾಗೆ ಮಾಡಿದ್ದೆ. ಯಂತ್ರ ಜಿಂಕೆಯ ಹಾಗೆ ಓಡುತ್ತಿತ್ತು. ಆದರೆ ಹಾಗೆ ಬರೆಯುವ ಮೊದಲೇ ಕರೆಂಟ್ ಹೋದರೆ ಮೆಮೊರಿಯಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತಿತ್ತು. ಹಾಗಾಗದಿರಲು ಬಳಸುವವರು ಮಾಡಬೇಕಾದದ್ದು ಇಷ್ಟೇ: ನಿಲ್ಲಿಸುವ ಮೊದಲು ಕ್ಲೋಸ್ ಎಂದು ಟೈಪ್ ಮಾಡಬೇಕು, ಆಮೇಲೆ ಅಪ್‌ಡೇಟ್ ಎನ್ನಬೇಕು, ಡ್ರೈವಿನ ಕೆಂಪು ದೀಪ ಆರುವವರೆಗೆ ಕಾಯಬೇಕು, ರಿಲೀಸ್ ಎಂದು ಫ್ಲಾಪಿ ತೆಗೆಯಬೇಕು, ಕೊನೆಗೆ ಸ್ವಿಚ್ ಆಫ್ ಮಾಡಬೇಕು. 'ಯಂತ್ರ ನಿಲ್ಲಿಸುವ ಕ್ರಮ' ಎಂದು ನಾನೇ ದುಂಡಗೆ ಬರೆದು ಆ ಹಾಳೆಯನ್ನು ಆಂಟಿಯ ಎದುರಿನ ಗೋಡೆಗೆ ಅಂಟಿಸಿದ್ದೆ.

ಅವರು ಅದನ್ನು ಬಾಯಿಪಾಠ ಮಾಡಿದ್ದರು. ಸಂಜೆ ಕ್ಲಿನಿಕ್ ಮುಗಿದಾಗ ತಪ್ಪಿಲ್ಲದೆ ಮಾಡುತ್ತಿದ್ದರು. ಎಡವುತ್ತಿದ್ದದ್ದು ವೋಲ್ಟೇಜ್ ಏರುಪೇರಾದಾಗ ಮಾತ್ರ. ಆಗೆಲ್ಲ ನಮ್ಮ ಕಡೆ ಅದೇನು ಅಪರೂಪವೇ? ಸಂಜೆಯಾಯಿತೆಂದರೆ ದೀಪಗಳು ಕಣ್ಣು ಮಿಟುಕಿಸುತ್ತಲೇ ಇರುತ್ತಿದ್ದವು. ಮನೆಮನೆಯಲ್ಲೂ "ಟಿವಿ ಆಫ್ ಮಾಡೋ, ಮೇನ್ ತೆಗಿಯೋ" ಎಂಬ ಕೂಗು.

ಕ್ಲಿನಿಕ್ಕಿನಲ್ಲಿ ಅದಕ್ಕೆ ಇನ್ನೊಂದು ಕಾರಣವಿತ್ತು. ಅದೇ ಲೈನಿನಲ್ಲಿ ಲಸಿಕೆಗಳ ಫ್ರಿಜ್ಜು. ಕೆಲವು ವರ್ಷಗಳ ಹಿಂದೆ ಹೀಗೇ ವೋಲ್ಟೇಜ್ ಏರಿ ಅದರ ಕಂಪ್ರೆಸರ್ ಸುಟ್ಟು, ಒಳಗಿದ್ದ ಲಸಿಕೆಯನ್ನೆಲ್ಲ ಚೆಲ್ಲಬೇಕಾಗಿ ಬಂದಿತ್ತಂತೆ. ಅಂದೇ ಡಾಕ್ಟರ್ ಆಂಟಿಯ ಕುರ್ಚಿಯನ್ನು ಮೇನ್ ಸ್ವಿಚ್ಚಿನ ಪಕ್ಕಕ್ಕೆ ಹಾಕಿಸಿ, "ದೀಪ ಒಂಚೂರು ಅಲ್ಲಾಡಿದ್ರೂ ಮೊದ್ಲು ಎಳೀರಿ, ಆಮೇಲೆ ನನ್ನ ಕೇಳಿ" ಎಂದು ಹೇಳಿದ್ದರು. ಅಂದಿನಿಂದ ಆ ಫ್ರಿಜ್ಜಿಗೆ ಏನೂ ಆಗಿಲ್ಲ. ಈಗ ನಾನು ಬಂದು, ಮೊದಲು ಮೂರು ಇಂಗ್ಲಿಷ್ ಪದ ಟೈಪ್ ಮಾಡಿ ಆಮೇಲೆ ಎಳೆಯಿರಿ ಎನ್ನುತ್ತಿದ್ದೆ.

ಒಂದು ಮಂಗಳವಾರ ವಿಷಯ ಕೈಮೀರಿತು. ಹೊಸಹಳ್ಳಿಯಿಂದ ಒಬ್ಬ ತಾಯಿ ಮಗುವನ್ನು ಎತ್ತಿಕೊಂಡು, ಕೈಯಲ್ಲಿ ನಮ್ಮ ಕಾರ್ಡು ಹಿಡಿದು ಬಂದರು. ಟ್ರಿಪಲ್ ಲಸಿಕೆ ಬಾಕಿ ಇದೆ ಎಂದು ಕಾರ್ಡಿನಲ್ಲಿತ್ತು. ಆದರೆ ಅದನ್ನು ಆಗಲೇ ಹಾಕಿಸಿಯಾಗಿತ್ತು, ಹಾಕಿದ ದಿನದ ವಿವರಗಳೆಲ್ಲ ಮೇನ್ ಸ್ವಿಚ್ಚಿನ ಜೊತೆ ಹೋಗಿದ್ದವು, ಆಮೇಲೆ ಮತ್ತೆ ಬರೆಯುವಾಗ ಈ ಮಗು ಬಿಟ್ಟುಹೋಗಿತ್ತು. ತಾಯಿ ಗಂಡನ ಜೊತೆ ಜಗಳವಾಡಿ, "ಡಾಕ್ಟ್ರೇ ಬರ್ದಿದಾರೆ, ಹಾಕಿಸ್ಲೇಬೇಕು" ಎಂದು ಬಂದಿದ್ದಾರೆ. ಸೂಜಿ ಸಿದ್ಧವಾಗಿತ್ತು. ಡಾಕ್ಟರೇ ಮಗುವಿನ ತೊಡೆಯ ಮೇಲೆ ಹಿಂದಿನ ಸೂಜಿಯಿಂದ ಉಳಿದಿದ್ದ ಗಂಟು ನೋಡಿ ಕೈ ಹಿಂದಕ್ಕೆ ತೆಗೆದರು.

ಅವತ್ತು ಸಂಜೆ ಅವರು ನನ್ನನ್ನು ಕರೆಸಿ, ಆಂಟಿಯನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿದರು.

"ನೋಡಮ್ಮ, ಎರಡು ಸಲ ಚುಚ್ಚಿದ್ರೆ ಯಾರು ಹೊಣೆ? ನಿಮ್ಮ ಮಿಶಿನ್ ಸರಿ ಇದೆ ಅಂತೀರಾ. ಹಾಗಾದ್ರೆ ಮುಂದೆ ಕೂತಿರೋರು ಸರಿ ಇಲ್ಲ ಅಂತ ಆಯ್ತು."

"ಅವರಿಗೆ ಇನ್ನೂ ಅಭ್ಯಾಸ ಆಗ್ಬೇಕು ಸಾರ್."

"ಎಷ್ಟು ದಿನ ಅಂತ? ನನ್ನ ಸ್ನೇಹಿತರ ಮಗಳು ಕಂಪ್ಯೂಟರ್ ಡಿಪ್ಲೊಮಾ ಮಾಡಿದಾಳೆ. ಮುಂದಿನ ತಿಂಗಳ ಮೊದಲ ಸೋಮವಾರ ಬರೋಕೆ ಹೇಳಿದೀನಿ. ಅಷ್ಟರೊಳಗೆ ಸರಿಹೋದ್ರೆ ಸರಿ. ಇಲ್ದಿದ್ರೆ ಇವರಿಗೆ ವಿಶ್ರಾಂತಿ ಕೊಡ್ತೀನಿ."

ಡಾಕ್ಟರ್ ಕೆಟ್ಟವರಲ್ಲ. ಆ ಮಾತು ಹೇಳುವಾಗ ಅವರೂ ನನ್ನ ಮುಖ ನೋಡಲಿಲ್ಲ. ಆಂಟಿಯ ಗಂಡ ಕಾಯಿಲೆಯಿಂದ ಮನೆ ಹಿಡಿದು ಕೂತಿದ್ದರು. ಬಾಪೂಜಿ ನಗರದ ಆ ಮನೆ ನಡೆಯುತ್ತಿದ್ದದ್ದೇ ಈ ಕುರ್ಚಿಯಿಂದ ಎಂಬುದು ಅವರಿಗೂ ಗೊತ್ತಿತ್ತು. ಹೊರಗೆ ಬಂದರೆ ಆಂಟಿ ಚೀಟಿಗಳನ್ನು ಜೋಡಿಸುತ್ತ ಕೂತಿದ್ದರು.

"ನನ್ನ ತೆಗೀತಾರಂತಾ?" ಎಂದರು, ತಲೆ ಎತ್ತದೆ.

ನಾನು "ಹಾಗೇನಿಲ್ಲ" ಎಂದೆ. ನನಗೆ ಸುಳ್ಳು ಹೇಳಲು ಬರುವುದಿಲ್ಲ, ಅವರಿಗೆ ತಕ್ಷಣ ಗೊತ್ತಾಯಿತು. "ಈ ಮಿಶಿನ್ ನಂಗಿಷ್ಟ ಕಣಮ್ಮ. ಮನೇಲಿ ಮೊಮ್ಮಗಳಿಗೆ ಹೇಳ್ಕೊಂಡಿದೀನಿ, ನಿಮ್ಮಜ್ಜಿ ಕಂಪ್ಯೂಟರ್ ಮಾಡ್ತಾಳೆ ಅಂತ" ಎಂದರು.

ಮೊದಲು ಸುಲಭದ ದಾರಿಗಳನ್ನೇ ಹಿಡಿದೆ. ಹಾರ್ಡ್‌ವೇರ್ ನೋಡಿಕೊಳ್ಳುತ್ತಿದ್ದ ನಮ್ಮ ಹುಡುಗ ಒಂದು ಸ್ಟೆಬಿಲೈಸರ್ ತಂದು ಕೂರಿಸಿದ. ವೋಲ್ಟೇಜ್ ಬದಲಾದಾಗೆಲ್ಲ ಅದು ಒಳಗಿನಿಂದ ಟಕ್ ಟಕ್ ಎನ್ನುತ್ತಿತ್ತು. ದೀಪ ಮಂಕಾಗುವುದಕ್ಕಿಂತ ಮೊದಲೇ ಆ ಸದ್ದು! ಆಂಟಿಗೆ ಅದು ಮುನ್ಸೂಚನೆ ಕೊಟ್ಟ ಹಾಗಾಗಿ, ಮೊದಲಿಗಿಂತ ಬೇಗ ಸ್ವಿಚ್ ಎಳೆಯತೊಡಗಿದರು. ಸರಿ, ಕಂಪ್ಯೂಟರಿಗೆ ಬೇರೆಯೇ ಲೈನ್ ಎಳೆಸಿ, ಅದಕ್ಕೊಂದು ಪ್ರತ್ಯೇಕ ಸ್ವಿಚ್ ಹಾಕಿಸಿದೆವು. ಮೇನ್ ಎಳೆದರೆ ಫ್ರಿಜ್ಜು ಆರುತ್ತದೆ, ಕಂಪ್ಯೂಟರ್ ಆರುವುದಿಲ್ಲ. ನಾನು ಗೆದ್ದೆ ಎಂದುಕೊಂಡು ಎದುರಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಮನೆಗೆ ಹೋದೆ.

ಮರುದಿನ ಫೋನು. "ಮತ್ತೆ ಹೋಯ್ತು ಕಣಮ್ಮ."

"ಹ್ಯಾಗೆ ಹೋಗುತ್ತೆ ಆಂಟಿ? ಮೇನ್ ಎಳೆದ್ರೂ ಅದು ಆಫ್ ಆಗಲ್ವಲ್ಲ!"

"ನಾನೇ ಆಫ್ ಮಾಡ್ದೆ. ಫ್ರಿಜ್ಜಿಗಿಂತ ಇದು ದುಬಾರಿ ತಾನೇ? ಅದಕ್ಕೆ ಮೊದ್ಲು ಇದನ್ನ ಆಫ್ ಮಾಡಿ ಆಮೇಲೆ ಮೇನ್ ಎಳೆದೆ."

ಫೋನ್ ಇಟ್ಟು ನಾನು ಮೇಜಿಗೆ ತಲೆ ಚಚ್ಚಿಕೊಂಡೆ. ಆಮೇಲೆ ನಗು ಬಂತು. ಅದೂ ಆದ ಮೇಲೆ ಸುಮ್ಮನೆ ಕೂತು ಯೋಚಿಸಿದೆ. ಆ ಹೆಂಗಸು ನನ್ನ ಯಂತ್ರವನ್ನು ಪ್ರೀತಿಯಿಂದ ಕಾಪಾಡಲು ಹೊರಟಿದ್ದಾರೆ, ಅವರು ಕಾಪಾಡಿದಷ್ಟೂ ಅದು ಕೆಡುತ್ತಿದೆ. ಪ್ರಪಂಚದಲ್ಲಿ ದೀಪ, ರೇಡಿಯೊ, ಮಿಕ್ಸಿ, ಫ್ರಿಜ್ಜು ಎಲ್ಲವೂ ಸ್ವಿಚ್ ಆರಿಸಿದರೆ ಆರಿ, ಹಾಕಿದರೆ ಹೊತ್ತಿಕೊಳ್ಳುತ್ತವೆ. ನಮ್ಮದೊಂದು ಮಾತ್ರ ಹೋಗುವ ಮುಂಚೆ ಮೂರು ಸಲ ಅಪ್ಪಣೆ ಕೇಳಿಸಿಕೊಳ್ಳಬೇಕು. ಈ ಗತ್ತು ಅದಕ್ಕೆ ಯಾಕೆ ಬಂತು? ನನ್ನ ಕೆಲಸ ಸಲೀಸಾಗಲಿ ಎಂದು ನಾನೇ ಕೊಟ್ಟದ್ದು.

ಯಜಮಾನರ ಹತ್ತಿರ ಹೋದೆ. ನಮ್ಮ ಕಂಪನಿ ಕಟ್ಟಿದವರು ಅವರು. ದೊಡ್ಡ ಕಾರ್ಖಾನೆಯ ಕೆಲಸ ಬಿಟ್ಟು ಬಂದ ಇಂಜಿನಿಯರು, ಮಾತು ಕಡಿಮೆ.

"ಸಾರ್, ನಿಲ್ಲಿಸೋ ಕ್ರಮವನ್ನೇ ತೆಗೆದುಹಾಕ್ತೀನಿ. ಕ್ಲೋಸ್ ಬೇಡ, ಅಪ್‌ಡೇಟ್ ಬೇಡ, ಏನೂ ಬೇಡ. ಯಾವಾಗ ಬೇಕಾದ್ರೂ ಆಫ್ ಮಾಡ್ಲಿ."

"ಪ್ರತಿ ಸಲ ಫ್ಲಾಪಿಗೆ ಬರೀಬೇಕಾಗುತ್ತೆ. ನಿಧಾನ ಆಗುತ್ತೆ."

"ಆಗುತ್ತೆ."

"ಡೆಮೊದಲ್ಲಿ ಪಕ್ಕದ ಕಂಪನಿ ಮಿಶಿನ್ ಮುಂದೆ ಇಟ್ರೆ ನಾವು ಸೋಲ್ತೀವಿ. ಒಬ್ಬ ರಿಸೆಪ್ಶನಿಸ್ಟ್‌ಗೋಸ್ಕರ ಆಪರೇಟಿಂಗ್ ಸಿಸ್ಟಂ ಬದಲಾಯಿಸ್ತಾರೇನಮ್ಮಾ? ಅವರಿಗೆ ಕಲಿಸು."

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. "ಏನ್ ಸಾರ್ ಕಲಿಸೋದು? ಫ್ರಿಜ್ ಸುಟ್ರೂ ಪರವಾಗಿಲ್ಲ, ಟೈಪ್ ಮಾಡ್ಕೊಂಡು ಕೂತಿರಿ ಅಂತಾನಾ? ನಿಮ್ಮ ಮನೇಲಿ ದೀಪ ಅಲ್ಲಾಡಿದ್ರೆ ನೀವು ಏನ್ಮಾಡ್ತೀರಾ?"

ಅವರು ಕನ್ನಡಕ ತೆಗೆದು ಒರೆಸಿದರು. ಅವರ ಮನೆ ಬಸವೇಶ್ವರನಗರದಲ್ಲಿ. ಅಲ್ಲಿಯ ವೋಲ್ಟೇಜಿನ ಕಥೆಯನ್ನು ಅವರೇ ಎಷ್ಟೋ ಸಲ ಹೇಳಿದ್ದರು. ಕೊನೆಗೆ, "ಈ ಕ್ಲಿನಿಕ್ಕಿಗೆ ಮಾತ್ರ ಮಾಡಿ ನೋಡು. ಸರಿಹೋದ್ರೆ ಆಮೇಲೆ ಮಾತಾಡೋಣ" ಎಂದರು.

ಹಳೆಯ ಭಾಗವನ್ನು ಕಿತ್ತುಹಾಕಿದೆ. ಮಗುವಿನ ವಿವರ ಬರೆದು ರಿಟರ್ನ್ ಕೀಲಿ ಒತ್ತಿದ ಕೂಡಲೇ ವಿವರವೂ ಸೂಚಿಯೂ ಫ್ಲಾಪಿಗೆ ಹೋಗುವ ಹಾಗೆ ಮಾಡಿದೆ. ನಾನೇ ಸ್ವಿಚ್ ಆರಿಸಿ ಹಾಕಿ ನೋಡಿದೆ. ಮೊದಲ ಸಲ ಎಲ್ಲ ಉಳಿದಿತ್ತು. ಆಮೇಲಿನ ಒಂದು ಸಲ ಸರಿಯಾಗಿ ಸೂಚಿ ಬರೆಯುವಾಗಲೇ ಆರಿಸಿದೆನೋ ಏನೋ, ಯಂತ್ರ ಎದ್ದು "ಫ್ಲಾಪಿ ಖಾಲಿ" ಎಂದಿತು. ಮೊದಲು ಒಂದು ದಿನದ ಕೆಲಸ ಹೋಗುತ್ತಿತ್ತು, ಈಗ ಅಷ್ಟೂ ಮಕ್ಕಳು ಒಟ್ಟಿಗೇ ಹೋಗುತ್ತಿದ್ದರು. ಸೂಚಿಯ ಅರ್ಧ ಹೊಸದು, ಅರ್ಧ ಹಳೆಯದು ಆಗಿ ಎರಡಕ್ಕೂ ಅರ್ಥವಿಲ್ಲದಂತಾಗಿತ್ತು.

ಎರಡು ದಿನ ಅದೇ ಗುಂಗು. ಅಮ್ಮ ತಟ್ಟೆಗೆ ಹಾಕಿದ್ದನ್ನು ನೋಡದೆ ತಿಂದೆ. ಕೊನೆಗೆ ಹೊಳೆದದ್ದು ಸರಳ ಉಪಾಯ: ಸೂಚಿಯನ್ನು ಒಂದರ ಬದಲು ಎರಡು ಕಡೆ ಇಡುವುದು. ಬರೆಯುವಾಗ ಯಾವಾಗಲೂ ಎರಡರಲ್ಲಿ ಹಳೆಯದರ ಮೇಲೆಯೇ ಬರೆಯುವುದು, ಚೆನ್ನಾಗಿರುವ ಹೊಸದನ್ನು ಮುಟ್ಟುವುದೇ ಇಲ್ಲ. ಬರೆದು ಮುಗಿದ ಮೇಲೆ ಕಟ್ಟಕಡೆಗೆ ಒಂದು ಸರಣಿ ಸಂಖ್ಯೆ, ಮತ್ತು ಸೂಚಿಯಲ್ಲಿರುವ ಅಂಕಿಗಳನ್ನೆಲ್ಲ ಕೂಡಿದರೆ ಬರುವ ಮೊತ್ತ. ಯಂತ್ರ ಎದ್ದಾಗ ಎರಡನ್ನೂ ಓದಿ, ಮೊತ್ತ ತಾಳೆಯಾಗುವವುಗಳಲ್ಲಿ ಹೊಸದನ್ನು ಹಿಡಿದುಕೊಳ್ಳುತ್ತದೆ. ನಡುವೆ ಕರೆಂಟ್ ಹೋದರೆ ಕೆಡುವುದು ಅರ್ಧ ಬರೆದ ಸೂಚಿ ಮಾತ್ರ; ಅದರ ಜೋಡಿ ಕ್ಷೇಮ. ಆಗ ಬರೆಯುತ್ತಿದ್ದ ಒಂದು ಮಗುವಿನ ವಿವರ ಮಾತ್ರ ಹೋಗಬಹುದು. ಅದರ ತಾಯಿ ಇನ್ನೂ ಎದುರಿಗೇ ನಿಂತಿರುತ್ತಾಳಲ್ಲ, ಮತ್ತೆ ಕೇಳಿ ಬರೆದರಾಯಿತು.

ಪರೀಕ್ಷೆ ಮಾಡಬೇಕಿತ್ತು. ನಾನೇ ಸ್ವಿಚ್ ಹಿಡಿದರೆ ನನಗೆ ಬೇಕಾದ ಹೊತ್ತಿಗೇ ಆರಿಸುತ್ತೇನೆ, ಅದು ಮೋಸ. ಕ್ಲಿನಿಕ್ಕಿಗೆ ಗುರುವಾರ ರಜೆ. ಆಂಟಿಯನ್ನು ರಾಜಾಜಿನಗರಕ್ಕೆ ಕರೆಸಿದೆ. ಹಬ್ಬಕ್ಕೆ ಬಂದವರ ಹಾಗೆ ರೇಷ್ಮೆ ಅಂಚಿನ ಸೀರೆ ಉಟ್ಟು, ಒಂದು ಡಬ್ಬಿ ಕೋಡುಬಳೆ ಹಿಡಿದುಕೊಂಡು ಬಂದರು.

"ಆಂಟಿ, ಬರೀತಾ ಹೋಗಿ. ಯಾವಾಗ ಬೇಕೋ ಆವಾಗ ಸ್ವಿಚ್ ಆಫ್ ಮಾಡಿ."

ಅವರು ಸ್ವಿಚ್ಚಿನ ಮೇಲೆ ಕೈ ಇಟ್ಟು, ತೆಗೆದು, ಮತ್ತೆ ಇಟ್ಟರು. "ಯಾಕೋ ಕೈ ಬರಲ್ಲಮ್ಮ. ಇಷ್ಟು ಚೆನ್ನಾಗಿ ಕರೆಂಟ್ ಇರೋವಾಗ ಸುಮ್ಸುಮ್ನೆ ಯಾರಾದ್ರೂ ಆರಿಸ್ತಾರಾ?"

ಕೋಡುಬಳೆ ಅಗಿಯುತ್ತಿದ್ದ ನಮ್ಮ ಹಾರ್ಡ್‌ವೇರ್ ಹುಡುಗ ನನ್ನ ಕಿವಿಯಲ್ಲಿ, "ಮೇಡಂ, ವೇರಿಯಾಕ್ ಇದೆಯಲ್ಲ" ಎಂದ. ವೋಲ್ಟೇಜನ್ನು ಬೇಕಾದ ಹಾಗೆ ಏರಿಸಿ ಇಳಿಸುವ ಪೆಟ್ಟಿಗೆ ಅದು. ಕೋಣೆಯ ಬಲ್ಬನ್ನು ಅದಕ್ಕೆ ಸಿಕ್ಕಿಸಿ, ಗೋಡೆಯ ಮರೆಯಲ್ಲಿ ಕೂತು ಅವನು ತಿರುಗುಗುಂಡಿಯನ್ನು ಸ್ವಲ್ಪವೇ ತಿರುಗಿಸಿದ. ಬಲ್ಬು ಮಂಕಾಯಿತೋ ಇಲ್ಲವೋ, ಆಂಟಿಯ ಕೈ ಚಂಗನೆ ಹಾರಿ ಸ್ವಿಚ್ ಟಪ್ಪೆಂದಿತು!

"ಅಯ್ಯೋ! ಇಲ್ಲೂ ಹಿಂಗೇನಾ ನಿಮ್ಮ ಕರೆಂಟು?"

ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಯಂತ್ರ ಹಾಕಿದೆವು, ಎಲ್ಲ ಇತ್ತು. ಮತ್ತೆ ಬರೆದರು, ಮತ್ತೆ ದೀಪ ಅಲ್ಲಾಡಿತು, ಮತ್ತೆ ಕೈ ಹಾರಿತು. ಅವನ ಕಿತಾಪತಿ ಗೊತ್ತಾದ ಮೇಲೂ ಕೈ ನಿಲ್ಲಲಿಲ್ಲ. ಊಟದ ಹೊತ್ತಿನವರೆಗೂ ಇದೇ ಆಟ. ಒಂದು ಸಲ ಸೂಚಿ ಬರೆಯುವ ನಡುವೆಯೇ ಸರಿಯಾಗಿ ಆರಿಸಿದರು. ಯಂತ್ರ ಎದ್ದಿತು, ಕೆಟ್ಟ ಸೂಚಿಯನ್ನು ಬದಿಗಿಟ್ಟಿತು, ಅದರ ಜೋಡಿಯನ್ನು ಹಿಡಿದುಕೊಂಡು ಮುಂದಿನ ಮಗುವಿನ ಹೆಸರು ಕೇಳಿತು. ನಾನು ಆಂಟಿಯನ್ನು ಅಪ್ಪಿಕೊಂಡುಬಿಟ್ಟೆ. ಏನಾಯಿತೆಂದು ಅವರಿಗೆ ಗೊತ್ತಾಗಲಿಲ್ಲ, ಆದರೂ ಬೆನ್ನು ತಟ್ಟಿದರು.

ಬಾಗಿಲಲ್ಲಿ ಯಜಮಾನರು ನಿಂತು ನೋಡುತ್ತಿದ್ದರು. ಪ್ರತಿ ಮಗುವಾದ ಮೇಲೂ ಫ್ಲಾಪಿ ಕರಕರ ಎಂದು, ಉಸಿರು ಎಳೆದು ಬಿಡುವಷ್ಟು ಹೊತ್ತು ಯಂತ್ರ ಸುಮ್ಮನಿರುತ್ತಿತ್ತು.

"ಇಷ್ಟು ಕಾಯೋದು ನಿಮಗೆ ಬೇಜಾರಾಗಲ್ವಾ?" ಎಂದು ಆಂಟಿಯನ್ನು ಕೇಳಿದರು.

"ಬೇಜಾರೇನು ಸಾರ್? ಅಷ್ಟರಲ್ಲಿ ಮಗೂಗೆ ಒಂದು ಪೆಪ್ಪರ್‌ಮೆಂಟು ಕೊಟ್ಬಿಡ್ತೀನಿ."

ಯಜಮಾನರು ಡಬ್ಬಿಯಿಂದ ಒಂದು ಕೋಡುಬಳೆ ತೆಗೆದುಕೊಂಡು ಒಳಗೆ ಹೋದರು.

ಡಾಕ್ಟರ್ ಹೇಳಿದ್ದ ಆ ಸೋಮವಾರ ನಾನು ಸಂಜೆಯೇ ಕ್ಲಿನಿಕ್ಕಿಗೆ ಹೋಗಿ ಬೆಂಚಿನ ಮೂಲೆಯಲ್ಲಿ ಕೂತೆ. ಡಿಪ್ಲೊಮಾ ಹುಡುಗಿ ನನ್ನ ಪಕ್ಕದಲ್ಲೇ ಇದ್ದಳು; ಎರಡು ಜಡೆ, ಮಡಿಲಲ್ಲಿ ಸರ್ಟಿಫಿಕೇಟುಗಳ ಪ್ಲಾಸ್ಟಿಕ್ ಚೀಲ. ಒಳ್ಳೆಯ ಹುಡುಗಿ, ಯಂತ್ರವನ್ನೇ ಆಸೆಯಿಂದ ನೋಡುತ್ತಿದ್ದಳು. ಅವಳು ಯಾರೆಂದು ಆಂಟಿಗೆ ಗೊತ್ತಿತ್ತು. "ಕಾಫಿ ಕುಡೀತೀಯೇನಮ್ಮಾ?" ಎಂದು ಎರಡು ಸಲ ಕೇಳಿದರು. ಟೈಪ್ ಮಾಡುವಾಗ ಮಾತ್ರ ಒಂದೊಂದು ಕೀಲಿಯನ್ನೂ ಎರಡೆರಡು ಸಲ ನೋಡಿ ಒತ್ತುತ್ತಿದ್ದರು.

ಜನ ತುಂಬಿದ್ದರು. ಅತ್ತಿಗುಪ್ಪೆಯ ಅವಳಿ ಮಕ್ಕಳು ಒಟ್ಟಿಗೆ ರಾಗ ತೆಗೆದಿದ್ದವು. ಅವುಗಳಲ್ಲಿ ಒಂದನ್ನು ಎತ್ತಿಕೊಂಡು ಆಂಟಿ ತೂಕ ನೋಡಲು ಒಳಗಿನ ಕೋಣೆಗೆ ಹೋದರು. ಮುಂದಿನ ಚೀಟಿ ಯಾರದೆಂದು ನೋಡಲು ಡಾಕ್ಟರ್ ಹೊರಗೆ ಬಂದರು. ಆಗಲೇ ದೀಪ ಮಂಕಾಯಿತು, ಭಗ್ಗನೆ ಉರಿಯಿತು, ಫ್ರಿಜ್ಜು ನರಳಿತು.

ಡಾಕ್ಟರ್ ಒಂದೇ ನೆಗೆತಕ್ಕೆ ಕುರ್ಚಿ ದಾಟಿ, ಕಂಪ್ಯೂಟರಿನ ಸ್ವಿಚ್ಚನ್ನೂ ಮೇನ್ ಸ್ವಿಚ್ಚನ್ನೂ ಎರಡೂ ಕೈಯಿಂದ ಒಟ್ಟಿಗೆ ಆರಿಸಿಬಿಟ್ಟರು.

ಕತ್ತಲಲ್ಲಿ ಅವರ ದನಿ ಕೇಳಿಸಿತು. "ಅಯ್ಯಯ್ಯೋ." ಬದಲಾಯಿಸಿದ ಸಿಸ್ಟಂ ಇರುವ ಹೊಸ ಫ್ಲಾಪಿ ಹಾಕಿದ್ದೇನೆ, ಇನ್ನು ಆರಿಸಿದರೂ ಏನೂ ಹೋಗುವುದಿಲ್ಲ ಎಂದು ನಾನು ಅವರಿಗೆ ಹೇಳಿದ್ದೆ, ಆದರೆ ಅವರು ಅದನ್ನು ನಂಬಿರಲಿಲ್ಲ ಎಂದು ಆ ದನಿಯಲ್ಲೇ ತಿಳಿಯಿತು. "ಸಂಜೆಯಿಂದ ಬರೆದಿದ್ದೆಲ್ಲ ಹೋಯ್ತಲ್ಲಮ್ಮ. ನಾನೇ ಮಾಡ್ಬಿಟ್ಟೆ!"

ಆಂಟಿ ಮಗುವನ್ನು ಸೊಂಟಕ್ಕೆ ಕೂರಿಸಿಕೊಂಡೇ ಬಂದರು. "ಏನಾಗಲ್ಲ ಬಿಡಿ ಸಾರ್. ನಾನೂ ದಿನಾ ಮಾಡ್ತೀನಿ." ಪಕ್ಕದ ಮನೆಗಳ ದೀಪ ನೆಟ್ಟಗೆ ನಿಲ್ಲುವವರೆಗೆ ಕಾದು ಮೇನ್ ಹಾಕಿದರು, ಕಂಪ್ಯೂಟರಿನ ಸ್ವಿಚ್ ಹಾಕಿದರು. ಫ್ಲಾಪಿ ಕರಕರ ಎಂದಿತು. ಡಾಕ್ಟರ್ ಅವರ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ಹಸಿರು ಅಕ್ಷರಗಳು ಒಂದೊಂದೇ ಸಾಲು ಬಂದವು, ಕೊನೆಯ ಸಾಲಿನಲ್ಲಿ ಅವಳಿ ಮಕ್ಕಳ ಹೆಸರು. ಆಂಟಿ ಪೆಪ್ಪರ್‌ಮೆಂಟಿನ ಡಬ್ಬಿಗೆ ಕೈ ಹಾಕಿದರು.

ಡಾಕ್ಟರ್ ತಮ್ಮ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಬೆಂಚಿನ ಕಡೆ ತಿರುಗಿ, "ನೋಡಮ್ಮ, ಇಲ್ಲಿ ಜಾಗ ಖಾಲಿ ಇಲ್ಲ. ಸುಮ್ನೆ ನಿನ್ನನ್ನ ಅಲೆಸ್ದೆ. ಕಾಫಿ ಕುಡ್ಕೊಂಡು ಹೋಗು" ಎಂದು ಹೇಳಿ ಒಳಗೆ ಹೋದರು. ನನ್ನ ಕಣ್ಣಲ್ಲಿ ನೀರು ಬಂತು, ಯಾರಿಗೂ ಕಾಣದ ಹಾಗೆ ಸೆರಗಿನಿಂದ ಒರೆಸಿಕೊಂಡೆ.

ನಾನು ಎದ್ದು ಗೋಡೆಯ ಮೇಲಿದ್ದ ನನ್ನ ದುಂಡಗಿನ ಅಕ್ಷರದ ಹಾಳೆಯನ್ನು ಕಿತ್ತೆ. ಹುಡುಗಿಗೆ ಕೆಲಸ ತಪ್ಪಿದ ಬೇಸರಕ್ಕಿಂತ ಯಂತ್ರದ ಮೇಲಿನ ಕುತೂಹಲವೇ ಹೆಚ್ಚಾಗಿತ್ತು. ಕಾಫಿ ಲೋಟ ಹಿಡಿದುಕೊಂಡು ಆಂಟಿಯ ಪಕ್ಕಕ್ಕೆ ಬಂದು ನಿಂತಳು.

"ಆಂಟಿ, ಇದನ್ನ ನಿಲ್ಲಿಸೋಕೆ ಏನು ಕಮಾಂಡು?"

ಆಂಟಿ ಮಗುವಿನ ಬಾಯಿಗೆ ಪೆಪ್ಪರ್‌ಮೆಂಟು ಇಟ್ಟು, ಅವಳನ್ನು ವಿಚಿತ್ರವಾಗಿ ನೋಡಿದರು.

"ಕಮಾಂಡ್ ಯಾಕಮ್ಮ? ಸ್ವಿಚ್ ಇದೆಯಲ್ಲ."